ಕ್ಲಚ್ಚಿನ ದೋಷ, ವೀಕ್ಷಣಾ ಪುಸ್ತಕದ ಷರಾ

ಆಗಸ್ಟ್ ಕೊನೆಯ ವಾರ. ಪಾಠ ವೀಕ್ಷಣೆಗೆಂದು ಹೊರಟವನು ಶಾಲೆ ಇನ್ನು ಒಂದು ಕಿಲೋಮೀಟರ್ ಇದೆ ಎನ್ನುವಾಗ ಏರಿನಲ್ಲಿ ಸಿಕ್ಕಿಕೊಂಡೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ ತಿರುಗಿದರೆ ಸಿಗುವ ಪ್ರೌಢಶಾಲೆ ಅದು. ಅಡಿಕೆ ತೋಟದ ಅಂಚಿನಿಂದ ಶಾಲೆಯ ಗೇಟಿನವರೆಗೂ ರಸ್ತೆ ಏರುತ್ತಲೇ ಹೋಗುತ್ತದೆ. ನನ್ನದು 1994ರ ಮಾರುತಿ 800. ಕಾರ್ಬ್ಯುರೇಟರಿನದು, ನಾಲ್ಕು ಗೇರಿನದು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಕೂಗಿತೇ ಹೊರತು ಗಾಡಿ ಮುಂದೆ ಸಾಗಲಿಲ್ಲ. ಇನ್ನಷ್ಟು ಒತ್ತಿದೆ, ಇನ್ನಷ್ಟು ಕೂಗಿತು. ಹಿಂದೆ ಬರುತ್ತಿದ್ದ ಹಾಲಿನ ಕ್ಯಾನಿನ ಬೈಕಿನವನು ಆರಾಮವಾಗಿ ನನ್ನನ್ನು ದಾಟಿ ಹೋದ. ಆಮೇಲೆ ವಾಸನೆ ಬಂತು. ಒಮ್ಮೆ ಮೂಗಿಗೆ ಬಿದ್ದರೆ ಮರೆಯಲಾಗದ, ಹಳೇ ರಬ್ಬರನ್ನೂ ಗೋಣಿತಾಟನ್ನೂ ಒಟ್ಟಿಗೆ ಸುಟ್ಟಂಥ ವಾಸನೆ.

ಮೊದಲನೇ ಗೇರಿನಲ್ಲಿ ತೆವಳಿಸಿಕೊಂಡು ಶಾಲೆ ಮುಟ್ಟಿದಾಗ ಎರಡನೇ ಅವಧಿ ಅರ್ಧ ಮುಗಿದಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ನಮೂನೆ ತೆರೆದೆ. ಪಾಠ ಮಾಡುತ್ತಿದ್ದವಳು ನಮ್ಮ ಭೌತ ವಿಜ್ಞಾನ ವಿಭಾಗದ ಪ್ರಶಿಕ್ಷಣಾರ್ಥಿ. ಕಪ್ಪು ಹಲಗೆಯ ಬರವಣಿಗೆ ಅಚ್ಚುಕಟ್ಟು, ವಿಷಯಜ್ಞಾನದಲ್ಲಿ ಕೊರತೆಯಿಲ್ಲ. ಆದರೆ ತರಗತಿ ಸಪ್ಪೆಯಾಗಿತ್ತು. ಅವಳು ಪ್ರಶ್ನೆ ಕೇಳುತ್ತಾಳೆ, ಮಕ್ಕಳು ಸುಮ್ಮನಿರುತ್ತಾರೆ, ಅವಳೇ ಉತ್ತರ ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತಾಳೆ. ಎಂಜಿನ್ ಓಡುತ್ತಿದೆ, ಗಾಡಿ ಚಲಿಸುತ್ತಿಲ್ಲ. ಈ ಹೋಲಿಕೆ ಅವತ್ತು ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿದ್ದದ್ದು ಗಾಡಿಯ ರಿಪೇರಿ ಖರ್ಚು. ಷರಾ ಅಂಕಣದಲ್ಲಿ ಹೀಗೆ ಬರೆದೆ: 'ಪ್ರಶ್ನೆಗಳಿಗೆ ಪ್ರತಿಕ್ರಿಯೆ ಇಲ್ಲ. ಉತ್ತರವನ್ನು ತಾವೇ ಹೇಳುತ್ತೀರಿ. ಪ್ರಶ್ನಿಸುವ ಕೌಶಲ ದುರ್ಬಲ.' ಅಂಕ ಹಾಕಿ ಸಹಿ ಮಾಡಿ ಎದ್ದು ಬಂದೆ.

ಗಾಡಿಯ ವಿಷಯಕ್ಕೆ ಬರುತ್ತೇನೆ. ಕ್ಲಚ್ಚಿನ ಕೆಲಸ 8ನೇ ತರಗತಿಯ 'ಘರ್ಷಣೆ' ಪಾಠವನ್ನು ಬಲ್ಲವರಿಗೆಲ್ಲ ತಿಳಿಯುವಂಥದ್ದೇ. ಎಂಜಿನ್ನಿನ ತುದಿಯಲ್ಲಿ ಫ್ಲೈವ್ಹೀಲ್ ಎಂಬ ಭಾರದ ಚಕ್ರ ತಿರುಗುತ್ತಿರುತ್ತದೆ. ಗೇರ್ ಬಾಕ್ಸಿನ ಶಾಫ್ಟಿನ ಮೇಲೆ ಎರಡೂ ಮುಖಕ್ಕೆ ಒರಟು ಲೈನಿಂಗ್ ಅಂಟಿಸಿದ ತಟ್ಟೆಯಿರುತ್ತದೆ. ಇದೇ ಕ್ಲಚ್ ಪ್ಲೇಟ್. ಪ್ರೆಷರ್ ಪ್ಲೇಟ್ ಎಂಬ ಇನ್ನೊಂದು ಭಾಗ ತನ್ನ ಸ್ಪ್ರಿಂಗಿನ ಬಲದಿಂದ ಈ ತಟ್ಟೆಯನ್ನು ಫ್ಲೈವ್ಹೀಲಿಗೆ ಅದುಮಿ ಹಿಡಿಯುತ್ತದೆ. ಅದುಮಿ ಹಿಡಿದಾಗ ಮೂರೂ ಒಂದೇ ವಸ್ತುವಿನಂತೆ ತಿರುಗುತ್ತವೆ. ಅಲ್ಲಿರುವುದು ಸ್ಥಾಯಿ ಘರ್ಷಣೆ. ನಾವು ಪೆಡಲ್ ಒತ್ತಿದರೆ ಕೇಬಲ್ಲು ಒಂದು ಸನ್ನೆಯನ್ನು ಎಳೆಯುತ್ತದೆ, ಸನ್ನೆ ರಿಲೀಸ್ ಬೇರಿಂಗನ್ನು ಸ್ಪ್ರಿಂಗಿನ ಬೆರಳುಗಳ ಮೇಲೆ ಒತ್ತುತ್ತದೆ, ಹಿಡಿತ ಬಿಡುತ್ತದೆ. ಪೆಡಲನ್ನು ನಿಧಾನ ಬಿಡುವಾಗ ಕ್ಷಣಕಾಲ ತಟ್ಟೆ ಜಾರುತ್ತ ಜಾರುತ್ತ ಕಚ್ಚಿಕೊಳ್ಳುತ್ತದೆ. ಅದು ಜಾರು ಘರ್ಷಣೆ. ಜಾರು ಘರ್ಷಣೆ ಸ್ಥಾಯಿ ಘರ್ಷಣೆಗಿಂತ ಕಡಿಮೆ ಎಂದು ನಾವು ಹಲಗೆಯ ಮೇಲೆ ಬರೆಸುತ್ತೇವೆ. ಅದರ ಅರ್ಥವೇನೆಂದು ಏರಿನಲ್ಲಿ ಗೊತ್ತಾಗುತ್ತದೆ. ಒಮ್ಮೆ ಜಾರಲು ತೊಡಗಿದ ಪ್ಲೇಟು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಹಿಡಿತ ತಪ್ಪುತ್ತದೆ, ತಪ್ಪಿದಷ್ಟೂ ಬಿಸಿಯಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದ ನಾನು ಜೂನ್ ತಿಂಗಳಲ್ಲಿ ಮಾಡಿದ ಘನಂದಾರಿ ಕೆಲಸವನ್ನು ಹೇಳಲೇಬೇಕು. ಪ್ರಶಿಕ್ಷಣಾರ್ಥಿಗಳನ್ನು ಶಾಲೆಗಳಿಗೆ ಹಂಚುವ ಸಲುವಾಗಿ ಇದೇ ಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯರ ಜತೆ ಮಾತು ಮುಗಿಸಿ ಹೊರಬಂದಾಗ ಜೋರು ಮಳೆ. ಮೂರು ಗಂಟೆ ನಿಂತಿದ್ದ ಎಂಜಿನ್ ತಣ್ಣಗಾಗಿತ್ತು. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಅವಸರದಲ್ಲಿ ರಿವರ್ಸ್ ಗೇರಿಗೆ ಹಾಕಿದೆ. ಕಬ್ಬಿಣದ ಡಬ್ಬಿಯಲ್ಲಿ ಕಲ್ಲು ಅರೆದಂತೆ ಕರ್ರ್ ಎಂದು ಇಡೀ ಅಂಗಳಕ್ಕೆ ಕೇಳಿಸಿತು. ಜಗಲಿಯಲ್ಲಿ ನಿಂತಿದ್ದ ಮಕ್ಕಳು 'ಹೋ' ಎಂದರು. ಮನೆಯ ಶೆಡ್ಡಿನಲ್ಲೂ ಕೆಲವು ದಿನಗಳಿಂದ ಬೆಳಿಗ್ಗೆ ಹೀಗೇ ಆಗುತ್ತಿತ್ತು. ಆದರೆ ಅಲ್ಲಿ ನೋಡಿ ನಗುವವರಿರಲಿಲ್ಲ.

ಆ ಸಂಜೆಯೇ ರೋಗನಿರ್ಣಯ ಮಾಡಿಬಿಟ್ಟೆ. ಪೆಡಲ್ ಪೂರ್ತಿ ಒತ್ತಿದರೂ ಗೇರ್ ಕರ್ರ್ ಎನ್ನುತ್ತದೆಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಕೇಬಲ್ ಸಡಿಲಾಗಿದೆ. ತರ್ಕದಲ್ಲಿ ತಪ್ಪಿಲ್ಲ. ಪುಸ್ತಕಗಳೂ ಹಾಗೆಯೇ ಹೇಳುತ್ತವೆ. ಬಾನೆಟ್ ಎತ್ತಿದರೆ ಕೇಬಲ್ಲಿನ ತುದಿಯ ನಟ್ಟು ಕೈಗೆ ಸಿಗುತ್ತದೆ. ಪೆಡಲನ್ನು ಕೈಯಿಂದ ಅದುಮಿ ನೋಡಿದೆ, ಕೇಬಲ್ ಬಿಗಿಯುವ ಮುನ್ನ ಒಂದಿಷ್ಟು ಸುಮ್ಮನೆ ಒಳಹೋಗುತ್ತಿತ್ತು. ಅದೇ ದೋಷವೆಂದು ತಿಳಿದು, ಆ ಸಡಿಲು ಸಂಪೂರ್ಣ ಹೋಗುವವರೆಗೆ ನಟ್ಟು ಬಿಗಿ ಮಾಡಿದೆ. ಮರುದಿನ ಬೆಳಿಗ್ಗೆ ರಿವರ್ಸ್ ಗೇರ್ ಸದ್ದಿಲ್ಲದೆ ಬಿತ್ತು. ಮನೆಯವಳನ್ನು ಕರೆದು ತೋರಿಸಿದ್ದೂ ನೆನಪಿದೆ.

ಹಾಗಾಗಿ ಆಗಸ್ಟಿನಲ್ಲಿ ಗಾಡಿ ಏರಿನಲ್ಲಿ ಸೋತಾಗ ನನ್ನ ಆ ನಟ್ಟಿನ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಎಂಜಿನ್ ಬೋರಿಗೆ ಬಂದಿದೆ ಎಂದರು ಒಬ್ಬರು. ಪೆಟ್ರೋಲ್ ಕಲಬೆರಕೆ ಎಂದರು ಇನ್ನೊಬ್ಬರು. ಎಂಜಿನ್ನಿಗೇ ಶಕ್ತಿಯಿಲ್ಲದಿದ್ದರೆ ಅದು ಕೂಗಲಾರದು, ಮುಕ್ಕರಿಸುತ್ತದೆ. ಕೂಗುತ್ತದೆ ಆದರೆ ಚಕ್ರಕ್ಕೆ ತಲುಪುತ್ತಿಲ್ಲ ಎಂದರೆ ತಪ್ಪು ನಡುವೆ ಎಲ್ಲೋ ಇದೆ. ಅಷ್ಟನ್ನು ನಾನೂ ಬಲ್ಲೆ. ಪ್ಲೇಟು ಸವೆದಿದೆ, ಹಳೆಯ ಗಾಡಿ, ಅದರ ಆಯುಸ್ಸು ಮುಗಿದಿದೆ ಎಂದು ತೀರ್ಮಾನಿಸಿ, ಪೇಟೆಯ ಹೊರಗಿರುವ ವಯಸ್ಸಾದ ಮೇಸ್ತ್ರಿಯೊಬ್ಬರ ಗ್ಯಾರೇಜಿಗೆ ಹೋದೆ.

"ಸಾಹೇಬ್ರೇ, ಕ್ಲಚ್ ಪ್ಲೇಟ್ ಹೋಗಿದೆ. ಹೊಸದು ಹಾಕಿ ಕೊಡಿ" ಎಂದೆ.

ಅವರು ಚಹಾದ ಲೋಟ ಕೆಳಗಿಟ್ಟು, "ಪ್ಲೇಟ್ ಹೋಗಿದೆ ಅಂತ ನೀವು ಹೇಳ್ಬೇಡಿ ಮೇಷ್ಟ್ರೇ. ಏನಾಗ್ತದೆ ಅಷ್ಟು ಹೇಳಿ" ಎಂದರು.

ಏರಿನಲ್ಲಿ ಎಳೆಯುವುದಿಲ್ಲ ಎಂದೆ. ಯಾವ ಗೇರಿನಲ್ಲಿ? ಮೂರು ಮತ್ತು ನಾಲ್ಕರಲ್ಲಿ. ಮೊದಲನೆಯದರಲ್ಲಿ? ಎಳೆಯುತ್ತದೆ. ಬೆಳಿಗ್ಗೆ ಹೊರಟ ಕೂಡಲೇ ಹೀಗೋ, ಓಡಿ ಬಿಸಿಯಾದ ಮೇಲೋ? ಬಿಸಿಯಾದ ಮೇಲೆ ಹೆಚ್ಚು. ಗಾಡಿ ಹೊರಡುವಾಗ ಗಡಗಡ ನಡುಗುತ್ತದಾ? ಇಲ್ಲ. ಶೆಡ್ಡಿನ ನೆಲದ ಮೇಲೆ ಎಣ್ಣೆ ಬಿದ್ದಿರುತ್ತದಾ? ನೋಡಿಲ್ಲ. "ನೋಡಿ" ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಕೊನೆಗೆ, "ಕೇಬಲ್ ಯಾರಾದ್ರೂ ಮುಟ್ಟಿದಾರಾ?" ಎಂದು ಕೇಳಿದರು. ಜೂನ್‌ನಲ್ಲಿ ನಾನೇ ಸ್ವಲ್ಪ ಬಿಗಿ ಮಾಡಿದ್ದೆ ಎಂದೆ. ಅದಕ್ಕೆ ಅವರು ಏನೂ ಅನ್ನಲಿಲ್ಲ.

ಪ್ರತಿ ಪ್ರಶ್ನೆಯೂ ಒಂದೊಂದು ಸಾಧ್ಯತೆಯನ್ನು ತೆಗೆದುಹಾಕಲು ಕೇಳಿದ್ದೆಂದು ಆಮೇಲೆ ತಿಳಿಯಿತು. ಮೇಲಿನ ಗೇರಿನಲ್ಲಿ ಎಂಜಿನ್ನಿನ ಮೇಲೆ ಹೊರೆ ಹೆಚ್ಚು ಬೀಳುವುದರಿಂದ ಜಾರುವಿಕೆ ಮೊದಲು ಅಲ್ಲೇ ಕಾಣುತ್ತದೆ. ಹೊರಡುವಾಗ ನಡುಕವಿದ್ದರೆ ಪ್ಲೇಟಿಗೆ ಎಣ್ಣೆ ತಗುಲಿರಬಹುದು, ಎಂಜಿನ್ನನ್ನು ಕೂರಿಸುವ ರಬ್ಬರು ಹರಿದಿರಬಹುದು. ಎಂಜಿನ್ನಿನ ಹಿಂದಿನ ಸೀಲ್ ಸೋರಿ ಎಣ್ಣೆ ಪ್ಲೇಟಿಗೆ ತಗುಲಿದ್ದರೆ ಎಷ್ಟು ಹೊಸ ಪ್ಲೇಟ್ ಹಾಕಿದರೂ ತಿಂಗಳೊಳಗೆ ಅದೇ ಕಥೆ. ಹಾಗೆ ಪ್ಲೇಟಿನ ಮೇಲೆ ಪ್ಲೇಟು ಬದಲಾಯಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಅವರು ಸ್ಪ್ಯಾನರ್ ಮುಟ್ಟದೆ ಪರೀಕ್ಷೆಗಳನ್ನು ಶುರು ಮಾಡಿದರು. ಮುಂದಿನ ಚಕ್ರಗಳಿಗೆ ಕಲ್ಲು ಕೊಡಿಸಿದರು. ಈ ಗಾಡಿಯನ್ನು ಎಳೆಯುವುದು ಮುಂದಿನ ಚಕ್ರ, ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನದನ್ನು. ಹಾಗಾಗಿ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬುವಂತಿಲ್ಲ, ಕಾಲಿನ ಬ್ರೇಕನ್ನೂ ಒತ್ತಿ ಹಿಡಿಯಬೇಕು. ನಾಲ್ಕನೇ ಗೇರಿಗೆ ಹಾಕಿ ಕ್ಲಚ್ಚನ್ನು ನಿಧಾನ ಬಿಡಲು ಹೇಳಿದರು. ಕ್ಲಚ್ ಸರಿ ಇದ್ದರೆ ಎಂಜಿನ್ ಉಸಿರುಕಟ್ಟಿ ತಟ್ಟನೆ ನಿಲ್ಲಬೇಕು. ನನ್ನದು ಒಂದಷ್ಟು ಹೊತ್ತು ಗೊರಗೊರ ಎಂದು, ಬೇಕೋ ಬೇಡವೋ ಎಂಬಂತೆ ನಿಂತಿತು. ಇನ್ನೊಮ್ಮೆ ಮಾಡಲೇ ಎಂದೆ. "ಬೇಡ, ಒಂದ್ಸಲ ಸಾಕು. ಪರೀಕ್ಷೆ ಮಾಡಿ ಮಾಡಿಯೇ ಸುಡೋದಾ?" ಎಂದರು. ಈ ಮಾತು ಆಂತರಿಕ ಮೌಲ್ಯಮಾಪನಕ್ಕೂ ಸಲ್ಲುತ್ತದೆ, ಅದಿರಲಿ.

ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಓಡುತ್ತಿರುವಾಗ ಪೆಡಲನ್ನು ಒತ್ತಿಸಿ ಬಿಡಿಸಿ ಕಿವಿಗೊಟ್ಟರು. ಪೆಡಲ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್. ಬಿಟ್ಟಾಗ ಗುಂಯ್‌ಗುಟ್ಟಿ ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್. ಒಂದೇ ಪೆಡಲ್, ಒಂದೇ ಬಗೆಯ ಸದ್ದು, ಆದರೆ ಅದು ಯಾವಾಗ ಬರುತ್ತದೆ ಎನ್ನುವುದರ ಮೇಲೆ ರೋಗವೇ ಬೇರೆ. ನನ್ನ ಗಾಡಿಯಲ್ಲಿ ಪೆಡಲ್ ಒತ್ತಿದಾಗಲೂ ಬಿಟ್ಟಾಗಲೂ ಸಣ್ಣ ಕಿರುಗುಟ್ಟುವಿಕೆ ಇತ್ತು. ಮೇಸ್ತ್ರಿ ತಲೆಯಾಡಿಸಿದರು. ಬೇರಿಂಗ್ ಎಲ್ಲ ಹೊತ್ತೂ ಸ್ಪ್ರಿಂಗಿಗೆ ತಾಗಿಕೊಂಡೇ ತಿರುಗುತ್ತಿತ್ತು.

"ಈಗ ನೀವೇ ಓಡಿಸಿ, ನಾನು ಪಕ್ಕ ಕೂತ್ಕೊಳ್ತೇನೆ."

ನಾಲ್ಕೈದು ಕಿಲೋಮೀಟರ್ ಹೋದೆವು. ಅವರು ರಸ್ತೆ ನೋಡುತ್ತಿರಲಿಲ್ಲ, ನನ್ನ ಕಾಲು ನೋಡುತ್ತಿದ್ದರು. ಈ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಎಂಜಿನ್ನಿನ ವೇಗಕ್ಕೆ ಕಿವಿಯೇ ಮೀಟರ್. ಸಣ್ಣ ಏರಿನಲ್ಲಿ ನಾಲ್ಕನೇ ಗೇರಿಗೆ ಹಾಕಿಸಿ, ಗಂಟೆಗೆ 40 ಕಿಲೋಮೀಟರಿನಲ್ಲಿ ಆಕ್ಸಿಲರೇಟರ್ ಒತ್ತಿಸಿದರು. ಸದ್ದು ಏರಿತು, ಮುಳ್ಳು ಏರಲಿಲ್ಲ. ಜಾರುತ್ತಿರುವುದು ಖಚಿತವಾಯಿತು. ಆಗ ಅವರು ಬಹಳ ಮೆತ್ತಗೆ ಕೇಳಿದರು:

"ಮೇಷ್ಟ್ರೇ, ನಿಮ್ಮ ಎಡಗಾಲು ಎಲ್ಲಿದೆ?"

ಪೆಡಲಿನ ಮೇಲಿತ್ತು. ಒತ್ತಿರಲಿಲ್ಲ, ಸುಮ್ಮನೆ ಇಟ್ಟಿದ್ದೆ. ಆ ಪುಟ್ಟ ಗಾಡಿಯಲ್ಲಿ ಎಡಗಾಲಿಗೆ ಬೇರೆ ಜಾಗವೂ ಕಡಿಮೆ. ಎಷ್ಟು ವರ್ಷದಿಂದ ಹಾಗೆ ಇಡುತ್ತಿದ್ದೆನೋ, ಅವರು ಕೇಳುವವರೆಗೆ ಅಲ್ಲಿ ನನಗೊಂದು ಕಾಲಿದೆ ಎಂಬುದೇ ಗೊತ್ತಿರಲಿಲ್ಲ.

ವಾಪಸು ಬಂದು ಬಾನೆಟ್ ಎತ್ತಿದರು. ಸನ್ನೆಯನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದರು. ಅಲ್ಲಾಡಲಿಲ್ಲ. "ಇಲ್ಲಿ ಒಂಚೂರು ಪ್ಲೇ ಇರ್ಬೇಕು. ನೀವು ಅದನ್ನ ತೆಗ್ದಿದೀರಿ." ನಾನು ದೋಷವೆಂದು ತಿಳಿದಿದ್ದ ಆ ಸಡಿಲೇ ಗಾಡಿಗೆ ಬೇಕಾಗಿದ್ದದ್ದು. ಪೆಡಲ್ ಬಿಟ್ಟಾಗ ಬೇರಿಂಗ್ ಸ್ಪ್ರಿಂಗಿನಿಂದ ಸ್ವಲ್ಪ ದೂರ ಸರಿದು ನಿಲ್ಲಬೇಕು, ಅದಕ್ಕೇ ಆ ಜಾಗ. ಇನ್ನೊಂದು ವಿಚಾರ ನನಗೆ ಹೊಸತು. ಪ್ಲೇಟ್ ಸವೆಯುತ್ತ ತೆಳುವಾದಂತೆ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೇ ಸರಿದು ಬರುತ್ತವೆ. ಅಂದರೆ ಸವೆದಂತೆ ಕೇಬಲ್ಲಿನ ಸಡಿಲು ಕಡಿಮೆಯಾಗುತ್ತ ಹೋಗುತ್ತದೆ, ಹೆಚ್ಚುವುದಿಲ್ಲ. ಸೊನ್ನೆಯಿಂದ ಶುರು ಮಾಡಿದ ನನ್ನ ಗಾಡಿಯಲ್ಲಿ ಮುಂದಿನ ಸವೆತವೆಲ್ಲ ಕ್ಲಚ್ಚನ್ನು ಅರೆಬರೆ ಒತ್ತಿ ಹಿಡಿದಂತೆಯೇ ಕೆಲಸ ಮಾಡಿತು. ಅದರ ಮೇಲೆ ನನ್ನ ಎಡಗಾಲಿನ ಭಾರ ಬೇರೆ. ಹಿಡಿತ ಸಡಿಲವಾಯಿತು, ಜಾರಿತು, ಬಿಸಿಯಾಯಿತು, ಸುಟ್ಟಿತು.

"ಆದ್ರೆ ಬಿಗಿ ಮಾಡಿದ್ಮೇಲೆ ರಿವರ್ಸ್ ಸದ್ದು ಹೋಯ್ತಲ್ಲ ಸಾಹೇಬ್ರೇ" ಎಂದು ವಾದ ಹೂಡಿದೆ.

ಅವರು ನಟ್ಟನ್ನು ಸಡಿಲಿಸಿ, ಮೊದಲಿನಷ್ಟು ಪ್ಲೇ ಕೊಟ್ಟು, ಎಂಜಿನ್ ಸ್ಟಾರ್ಟ್ ಮಾಡಿದರು. ಪೆಡಲ್ ಒತ್ತಿದ ಕೂಡಲೇ ರಿವರ್ಸಿಗೆ ತಳ್ಳಿದರು. ಕರ್ರ್ ಎಂದಿತು. ನ್ಯೂಟ್ರಲಿಗೆ ತಂದು, ಕ್ಲಚ್ ಬಿಟ್ಟು, ಮತ್ತೆ ಪೆಡಲ್ ಒತ್ತಿದರು. ಒತ್ತಿಹಿಡಿದೇ, "ಒಂದು, ಎರಡು, ಮೂರು" ಎಂದು ಬಾಯಿಬಿಟ್ಟು ಎಣಿಸಿ ರಿವರ್ಸಿಗೆ ಹಾಕಿದರು. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಕೂತಿತು.

ಮುಂದಿನ ನಾಲ್ಕು ಗೇರುಗಳಿಗೆ ಸಿಂಕ್ರೋಮೆಷ್ ಎಂಬ ಏರ್ಪಾಡಿದೆ. ತಿರುಗುವ ಎರಡು ಭಾಗಗಳ ವೇಗವನ್ನು ಅದು ಹೊಂದಿಸಿ ಕೊಡುತ್ತದೆ. ರಿವರ್ಸಿಗೆ ಅದಿಲ್ಲ. ಪೆಡಲ್ ಒತ್ತಿದಾಗ ಹಿಡಿತ ತಪ್ಪುತ್ತದೆ ನಿಜ, ಆದರೆ ಅದುವರೆಗೆ ತಿರುಗುತ್ತಿದ್ದ ಪ್ಲೇಟು ಮತ್ತು ಶಾಫ್ಟು ತಮ್ಮ ಜಡತ್ವದಿಂದ ಇನ್ನೂ ಒಂದೆರಡು ಸೆಕೆಂಡು ತಿರುಗುತ್ತವೆ. ಚೋಕ್ ಎಳೆದಾಗ ಎಂಜಿನ್ನಿನ ವೇಗ ಹೆಚ್ಚಿರುವುದರಿಂದ ಇನ್ನೂ ತುಸು ಹೊತ್ತು. ಅವು ನಿಲ್ಲುವವರೆಗೆ ಕಾಯಬೇಕು. ಎಣಿಸಿದ ಮೇಲೂ ಕರ್ರ್ ಎಂದರೆ ಆಗ ಮಾತ್ರ ಕ್ಲಚ್ ಬಿಡುತ್ತಿಲ್ಲವೆಂದು ಅರ್ಥ. ಮೇಸ್ತ್ರಿ ಈ ವಿವರಣೆಯನ್ನೆಲ್ಲ ಕೊಡಲಿಲ್ಲ. ಅವರು ಹೇಳಿದ್ದು ಇಷ್ಟೇ: "ಅವತ್ತು ನಿಮ್ಮ ಗಾಡಿಗೆ ಏನೂ ಆಗಿರ್ಲಿಲ್ಲ ಮೇಷ್ಟ್ರೇ. ನಿಮಗೆ ಅರ್ಜೆಂಟ್ ಇತ್ತು. ಬಿಗಿ ಮಾಡಿದ್ಮೇಲೆ ನೀವೇ ಹೆದರಿ ಹೆದರಿ ನಿಧಾನ ಹಾಕಿದ್ರಿ, ಅದಕ್ಕೆ ಸದ್ದು ಹೋಯ್ತು."

ನಟ್ಟು ಸಡಿಲಿಸಿದ ಮಾತ್ರಕ್ಕೆ ಸುಟ್ಟ ಪ್ಲೇಟು ಸರಿಯಾಗುವುದಿಲ್ಲ. ಗೇರ್ ಬಾಕ್ಸ್ ಇಳಿಸಬೇಕಾಯಿತು. ಎರಡು ದಿನದ ಕೆಲಸ, ಸೆಟ್ಟು ಮತ್ತು ಕೂಲಿ ಸೇರಿ ನಾಲ್ಕು ಸಾವಿರದ ಮೇಲೆ. ಬಿಚ್ಚಿದಾಗ ನನ್ನನ್ನು ಕರೆಸಿ ತೋರಿಸಿದರು. ಲೈನಿಂಗ್ ಕಪ್ಪಾಗಿ ಗಾಜಿನಂತೆ ಹೊಳೆಯುತ್ತಿತ್ತು, ಕೆಲವು ಕಡೆ ರಿವೆಟ್ಟಿನ ತಲೆಯ ಮಟ್ಟಕ್ಕೆ ಸವೆದಿತ್ತು. ಪ್ರೆಷರ್ ಪ್ಲೇಟಿನ ಉಕ್ಕಿನ ಮೇಲೆ ಬಿಸಿಯಿಂದಾದ ನೀಲಿ ಕಲೆಗಳು. ಸೀಲಿನ ಸುತ್ತ ಬೆರಳಾಡಿಸಿ ಒಣಗಿರುವ ಬೆರಳನ್ನು ನನಗೆ ತೋರಿಸಿದರು. ಎಣ್ಣೆಯಲ್ಲ, ಕೇಬಲ್ಲೇ ಎಂಬುದಕ್ಕೆ ಅದು ಸಾಕ್ಷಿ. ಹುಡುಗನೊಬ್ಬ ಧೂಳನ್ನು ಬಾಯಿಯಿಂದ ಊದಲು ಹೋದಾಗ ಗದರಿದರು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿಸಿದರು.

ಆ ಎರಡು ದಿನ ಬಸ್ಸಿನಲ್ಲಿ ಓಡಾಡಿದೆ. ಕಾಲೇಜಿಗೆ ಒಪ್ಪಿಸಬೇಕಾದ ವೀಕ್ಷಣಾ ಪುಸ್ತಕಗಳು ಚೀಲದಲ್ಲಿದ್ದವು. ಕಿಟಕಿಯ ಪಕ್ಕ ಕುಳಿತು ಒಂದೊಂದಾಗಿ ನೋಡುತ್ತ ಆ ಹುಡುಗಿಯ ಪುಸ್ತಕ ಕೈಗೆ ಬಂತು. ಆಗಸ್ಟಿನ ಷರಾ ಮೇಲೆಯೇ ಇತ್ತು. ಹಿಂದಕ್ಕೆ ಹಾಳೆ ಮಗುಚಿದೆ. ಜುಲೈ, ಅವಳ ಎರಡನೇ ಪಾಠ. ನನ್ನದೇ ಕೆಂಪು ಶಾಯಿ: 'ಪ್ರಶ್ನೆ ಕೇಳಿದ ನಂತರ ಅನಗತ್ಯ ಮೌನ. ಪಾಠದ ಗತಿ ನಿಧಾನ. ಚುರುಕು ಬೇಕು.'

ಆ ಪಾಠ ನೆನಪಾಯಿತು. ಅವಳು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಿದ್ದಳು. ತರಗತಿ ಸ್ತಬ್ಧವಾಗುತ್ತಿತ್ತು. ಆಮೇಲೆ ಎಲ್ಲಿಂದಲೋ ಒಂದು ಕೈ ಮೇಲೇಳುತ್ತಿತ್ತು. ಹಿಂದೆ ಕುಳಿತ ನನಗೆ ಆ ಮೌನ ಮುಜುಗರ ತಂದಿತ್ತು. ಪಾಠಯೋಜನೆಯ ಹಂತಗಳು 40 ನಿಮಿಷದಲ್ಲಿ ಮುಗಿಯುತ್ತವೋ ಇಲ್ಲವೋ ಎಂದು ಗಡಿಯಾರ ನೋಡಿದ್ದೆ. ಮುಂದಿನ ಪಾಠಗಳ ಹಾಳೆಗಳನ್ನು ಓದಿದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾಲ್ಕನೇ ಪಾಠಕ್ಕೆ 'ಗತಿ ಸುಧಾರಿಸಿದೆ' ಎಂದು ಮೆಚ್ಚಿದ್ದೇನೆ. ಏಳನೆಯದಕ್ಕೆ 'ವಿದ್ಯಾರ್ಥಿಗಳ ಭಾಗವಹಿಸುವಿಕೆ ಕಡಿಮೆ'. ಆಮೇಲೆ 'ಉತ್ತರವನ್ನು ತಾವೇ ಹೇಳುತ್ತೀರಿ'.

ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆಯ ಹೆಸರನ್ನು ನಾನು ಪ್ರತಿ ವರ್ಷ ಪ್ರಶ್ನಿಸುವ ಕೌಶಲದ ಘಟಕದಲ್ಲಿ ಹೇಳುತ್ತೇನೆ. 1970ರ ದಶಕದಲ್ಲಿ ಆಕೆ ತರಗತಿಯ ಧ್ವನಿಮುದ್ರಣಗಳನ್ನು ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದು ಕಂಡುಬಂತು. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ತಾವಾಗಿ ಉತ್ತರಿಸುವವರು ಹೆಚ್ಚಿದರು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಮಗು ಉತ್ತರ ಹೇಳಿದ ಮೇಲೂ ಹಾಗೆಯೇ ಕಾಯಬೇಕು ಎನ್ನುವುದನ್ನು ಆಕೆ ಒತ್ತಿ ಹೇಳಿದರು. ಇದನ್ನು ಟಿಪ್ಪಣಿ ಬರೆಸಿ, ಕಿರುಪರೀಕ್ಷೆಯಲ್ಲಿ ಕೇಳಿ, ಅಂಕ ಕೊಟ್ಟವನು ನಾನು. 'ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ' ಘಟಕವನ್ನೂ ನಾನೇ ಬೋಧಿಸುತ್ತೇನೆ. ಯಾರೂ ಹೇಳಿಕೊಡದೆ ಒಬ್ಬ ಹುಡುಗಿ ಎರಡನೇ ಪಾಠದಲ್ಲೇ ಕಾಯುತ್ತಿದ್ದುದನ್ನು ಕಂಡು, ಅದನ್ನು ದೋಷವೆಂದು ಬರೆದು, ನಟ್ಟು ಬಿಗಿ ಮಾಡಿದ್ದೆ.

ಮರುದಿನ ಶಾಲೆಯ ಜಗಲಿಯಲ್ಲಿ ಅವಳನ್ನು ಕೂರಿಸಿ ಜುಲೈಯ ಹಾಳೆ ತೋರಿಸಿದೆ. ಏನೆಂದು ಕೇಳುವ ಮೊದಲೇ ಅವಳ ಕಣ್ಣು ತುಂಬಿತು.

"ನೀವೇ ಬರ್ದಿದ್ರಲ್ಲ ಸರ್, ಚುರುಕು ಬೇಕು ಅಂತ. ಅವತ್ತಿಂದ ಸುಮ್ನೆ ನಿಂತ್ರೆ ಭಯ ಆಗ್ತದೆ. ಮಕ್ಕಳು ಮಾತಾಡದಿದ್ರೆ ನಾನೇ ಹೇಳಿಬಿಡ್ತೇನೆ."

ಆಮೇಲೆ ಇನ್ನೊಂದು ಮಾತು ಹೇಳಿದಳು. ಮೇಷ್ಟ್ರು ಕೆಲಸ ತನ್ನ ಕೈಲಾಗದು ಅನ್ನಿಸಿದೆ, ಮನೆಯಲ್ಲೂ ಮೊದಲಿನಿಂದ ಈ ಓದು ಬೇಡವೆನ್ನುತ್ತಿದ್ದರು, ಈ ಸೆಮಿಸ್ಟರ್ ಮುಗಿಸಿ ನಿಲ್ಲಿಸುತ್ತೇನೆ ಎಂದು ಅಣ್ಣನಿಗೆ ಹೇಳಿಯೂ ಆಗಿದೆ ಎಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ತಪ್ಪು ನನ್ನದು ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ದೊಡ್ಡವರು ಸಮಾಧಾನಕ್ಕೆ ಹೇಳುವ ಮಾತೆಂದು ತಲೆ ತಗ್ಗಿಸಿದಳು. ಆಗ ಬೇರೆ ದಾರಿ ಕಾಣದೆ ಕ್ಲಚ್ಚಿನ ಕಥೆ ಹೇಳಿದೆ. ರಿವರ್ಸಿನ ಸದ್ದು, ಮಕ್ಕಳ 'ಹೋ', ನಟ್ಟು, ಎಡಗಾಲು, ಎಲ್ಲವನ್ನೂ. ಎಡಗಾಲಿನ ಹತ್ತಿರ ಬಂದಾಗ ನಕ್ಕಳು. "ನೀವು ಬಂದು ಹಿಂದೆ ಕೂತ್ರೆ ನಮ್ಗೂ ಹಂಗೇ ಸರ್, ಏನೂ ಮಾಡ್ದೆ ಸುಮ್ನೆ ಕೂತಿದ್ರೂ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ವಾಕ್ಯ ಪೂರ್ತಿ ಮಾಡಲು ನಾನೂ ಒತ್ತಾಯಿಸಲಿಲ್ಲ.

ಜುಲೈಯ ಷರಾದ ಪಕ್ಕದಲ್ಲಿ 'ಈ ಅಭಿಪ್ರಾಯ ತಪ್ಪು' ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿದೆ. ಆ ಅವಧಿಯ ಅಂಕಪಟ್ಟಿ ಆಗಲೇ ಕಚೇರಿ ಸೇರಿತ್ತು. ಕೇಳಿದೆ. ಒಮ್ಮೆ ದಾಖಲಾದದ್ದನ್ನು ತಿದ್ದಲು ಬರುವುದಿಲ್ಲ ಎಂದರು. ಆ ಅಂಕಗಳು ಹಾಗೆಯೇ ಉಳಿದವು.

ಸೆಪ್ಟೆಂಬರಿನಲ್ಲಿ ಅವಳಿಗೆ 8ನೇ ತರಗತಿಯ 'ಘರ್ಷಣೆ' ಬಂತು. ಬೋಧನೋಪಕರಣವಾಗಿ ಬೇಕೆಂದು ಸುಟ್ಟ ಪ್ಲೇಟನ್ನು ಕೇಳಿದಳು. ಚೆನ್ನಾಗಿ ತೊಳೆದು, ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಚೀಲ ಬಿಚ್ಚಬಾರದು ಎಂದು ಹೇಳಿ ಕೊಟ್ಟೆ. ಜತೆಗೆ ಮೇಸ್ತ್ರಿಯಿಂದ ಕೇಳಿ ತಂದ, ಪೊಟ್ಟಣ ಒಡೆಯದ ಹೊಸ ಪ್ಲೇಟೊಂದನ್ನೂ. ಅವತ್ತು ನಾನು ಹಿಂದಿನ ಬೆಂಚಿನಲ್ಲಿ ಕೂರದೆ, ಕಿಟಕಿಯ ಪಕ್ಕ ಮಕ್ಕಳ ನಡುವೆ ಜಾಗ ಮಾಡಿಸಿಕೊಂಡೆ. ನಮೂನೆಯನ್ನು ಚೀಲದಿಂದ ತೆಗೆಯಲಿಲ್ಲ.

ಎರಡೂ ಪ್ಲೇಟುಗಳನ್ನು ಸಾಲಿನಿಂದ ಸಾಲಿಗೆ ದಾಟಿಸಿ, "ಇವೆರಡರಲ್ಲಿ ಯಾವುದು ಹೆಚ್ಚು ಜಾರಿದೆ? ಹೇಗೆ ಗೊತ್ತಾಯಿತು?" ಎಂದು ಕೇಳಿದಳು. ಕೇಳಿ ನಿಂತಳು. ನಾನು ಬೆಂಚಿನ ಕೆಳಗೆ ಬೆರಳು ಮಡಚಿದೆ. ಒಂದು, ಎರಡು, ಮೂರು. ನಾಲ್ಕಕ್ಕೆ ಅವಳ ಕೈ ಸೀಮೆಸುಣ್ಣವನ್ನು ಹಿಸುಕುತ್ತಿತ್ತು. ಈಗ ಉತ್ತರ ಹೇಳಿಬಿಡುತ್ತಾಳೆ ಅನ್ನಿಸಿತು. ಹೇಳಲಿಲ್ಲ. ಆರೋ ಏಳೋ ಆಗುವಾಗ ಮಧ್ಯದ ಸಾಲಿನ ಹುಡುಗಿಯೊಬ್ಬಳು ಎದ್ದು, "ಕಪ್ಪಾಗಿರೋದು ಟೀಚರ್. ಉಜ್ಜಿ ಉಜ್ಜಿ ಬಿಸಿಯಾಗಿದೆ" ಎಂದಳು. ಇವಳು 'ಸರಿ' ಎನ್ನದೆ ಸುಮ್ಮನೆ ಅವಳನ್ನೇ ನೋಡುತ್ತ ನಿಂತಳು. ಆ ಹುಡುಗಿ ಮತ್ತೆ ಮುಂದುವರಿಸಿದಳು: "ಗಟ್ಟಿ ಹಿಡ್ಕೊಂಡಿದ್ರೆ ಉಜ್ತಾ ಇರ್ಲಿಲ್ಲ ಅಲ್ವಾ ಟೀಚರ್? ಅರ್ಧಂಬರ್ಧ ಹಿಡ್ಕೊಂಡಿತ್ತು." ಸ್ಥಾಯಿ ಘರ್ಷಣೆಗೂ ಜಾರು ಘರ್ಷಣೆಗೂ ಇರುವ ಭೇದ ಪಾಠಯೋಜನೆಯ ಮೂರನೇ ಹಂತದಲ್ಲಿ ಬರಬೇಕಾಗಿತ್ತು.

ಕೊನೆಯ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ಅವನ ಅಪ್ಪ ಯಾರದೋ ಟ್ರ್ಯಾಕ್ಟರ್ ಓಡಿಸುತ್ತಾರಂತೆ.

"ಟೀಚರ್, ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸಿದ್ರೆ ಹಿಂಗಾಗ್ತದೆ. ಅಪ್ಪಂಗೆ ಓನರ್ ಬೈತಾರೆ. ಇದು ಯಾರ ಗಾಡೀದು?"

ಅವಳು ಅದಕ್ಕೂ ತಕ್ಷಣ ಉತ್ತರ ಕೊಡಲಿಲ್ಲ. ನಾನು ಕಿಟಕಿಯ ಹೊರಗೆ ನೋಡತೊಡಗಿದೆ.